ಗಾರಿಂಚನ ಮೊಣಕಾಲು

ಪ್ರಶ್ನೆ: ಸರ್, ನಮ್ಮ ಪಿ.ಟಿ. ಮೇಷ್ಟ್ರು ಬ್ರೆಜಿಲ್ ಫುಟ್‌ಬಾಲ್‌ನಲ್ಲಿ ಪೆಲೆಗಿಂತ ಗಾರಿಂಚನೇ ದೊಡ್ಡ ಆಟಗಾರ ಅನ್ನುತ್ತಾರೆ. ಅಷ್ಟು ದೊಡ್ಡವನು ಕುಡಿದು ಕುಡಿದು ಹಾಳಾದನಂತೆ. ಕುಡಿತ ಒಂದೇ ಕಾರಣವಾ? ನಾನೂ ರೈಟ್ ವಿಂಗ್‌ನಲ್ಲಿ ಆಡುತ್ತೇನೆ.
– ಪಿಯುಸಿ ವಿದ್ಯಾರ್ಥಿ, ಹಾಸನ

ಉತ್ತರ: ತಮ್ಮಾ, ಅವನ ಜೀವ ತೆಗೆದದ್ದು ಕುಡಿತವೇ. 1983ರ ಜನವರಿಯಲ್ಲಿ ಲಿವರ್ ಹಾಳಾಗಿ ಸತ್ತ, ಆಗ ಬರೀ 49 ವರ್ಷ. ಆದರೆ ಅವನ ಆಟ ಅದಕ್ಕೂ ಎಷ್ಟೋ ವರ್ಷ ಮೊದಲೇ ಮುಗಿದಿತ್ತು. ಅದಕ್ಕೆ ಕಾರಣ ಮೊಣಕಾಲು. ನೀನೂ ವಿಂಗರ್, ಅಂದರೆ ಮೈದಾನದ ಅಂಚಿನ ಗೆರೆ ಹತ್ತಿರ ಆಡುವವನು ಅಂದೆಯಲ್ಲ, ಅದಕ್ಕೇ ಆ ಮೊಣಕಾಲಿನ ವಿಷಯ ನಿನಗೆ ಹೇಳಬೇಕು.

ಅವನ ಊರು ರಿಯೊ ಹತ್ತಿರದ ಪಾವ್ ಗ್ರಾಂಡೆ. ಬಟ್ಟೆ ಮಿಲ್ ನಂಬಿ ಬದುಕಿದ ಊರು. ಅವನೂ ಹುಡುಗನಾಗಿದ್ದಾಗಲೇ ಆ ಮಿಲ್‌ಗೆ ಕೆಲಸಕ್ಕೆ ಸೇರಿದ. ಗಾರಿಂಚ ಅಂದರೆ ಅಲ್ಲಿನ ಒಂದು ಪುಟ್ಟ ಹಕ್ಕಿ, ಮನೆಯವರೇ ಇಟ್ಟ ಅಡ್ಡಹೆಸರು. ಹುಟ್ಟಿನಿಂದಲೇ ಎರಡೂ ಕಾಲು ಒಂದೇ ಕಡೆಗೆ ಬಾಗಿದ್ದವು. ಒಂದು ಕಾಲು ಇನ್ನೊಂದಕ್ಕಿಂತ ಸುಮಾರು 6 ಸೆಂಟಿಮೀಟರ್ ಗಿಡ್ಡ. 1953ರಲ್ಲಿ ಬೊಟಾಫೊಗೊ ಕ್ಲಬ್‌ನ ಟ್ರಯಲ್‌ಗೆ ಹೋದಾಗ ಅವನನ್ನು ತಡೆಯಲು ನಿಂತದ್ದು ಬ್ರೆಜಿಲ್ ತಂಡದ ಡಿಫೆಂಡರ್ ನಿಲ್ಟನ್ ಸಾಂಟೋಸ್. ಈ ಹುಡುಗ ಅವರ ಕಾಲುಗಳ ನಡುವೆಯೇ ಚೆಂಡು ತೂರಿಸಿಬಿಟ್ಟ! ಸಾಂಟೋಸ್ ಸಿಟ್ಟಾಗಲಿಲ್ಲ. ಇವನನ್ನು ಬಿಡಬೇಡಿ ಎಂದು ಕ್ಲಬ್‌ನವರಿಗೆ ಹೇಳಿದರು. ದೊಡ್ಡ ಆಟಗಾರನ ಗುಣ ಅಂದರೆ ಅದು.

ಅವನ ಡ್ರಿಬ್ಲಿಂಗ್ ನೋಡಿದ್ದೀಯಾ? ಇಲ್ಲದಿದ್ದರೆ ಇವತ್ತೇ ನೋಡು. ಬಲಗಡೆ ಗೆರೆ ಹತ್ತಿರ ಚೆಂಡು ಇಟ್ಟುಕೊಂಡು ನಿಲ್ಲುತ್ತಾನೆ. ಮೈಯನ್ನು ಎಡಕ್ಕೆ ಎಸೆಯುತ್ತಾನೆ, ಚೆಂಡು ಮುಟ್ಟುವುದೇ ಇಲ್ಲ. ಎದುರಾಳಿ ಆ ಕಡೆ ವಾಲುತ್ತಾನೆ. ಇವನು ಮತ್ತೆ ಅಲ್ಲೇ ನಿಂತಿರುತ್ತಾನೆ. ಆಮೇಲೆ ಸರಕ್ಕನೆ ಬಲಕ್ಕೆ. ಬಲಕ್ಕೇ ಹೋಗುತ್ತಾನೆ ಅಂತ ಇಡೀ ಸ್ಟೇಡಿಯಂಗೆ ಗೊತ್ತು, ಆದರೂ ಹಿಡಿಯಲು ಆಗುತ್ತಿರಲಿಲ್ಲ. 1958ರ ವಿಶ್ವಕಪ್ ಫೈನಲ್‌ನಲ್ಲಿ ಸ್ವೀಡನ್ ವಿರುದ್ಧ ಜೊತೆಗಾರ ವಾವಾ ಹೊಡೆದ ಎರಡೂ ಗೋಲಿಗೆ ಚೆಂಡು ಕೊಟ್ಟದ್ದು ಇವನೇ. 1962ರಲ್ಲಿ ಚಿಲಿಯಲ್ಲಿ ಪೆಲೆ ಎರಡನೇ ಪಂದ್ಯದಲ್ಲೇ ಗಾಯಗೊಂಡ. ಇವನು ಇಂಗ್ಲೆಂಡ್ ವಿರುದ್ಧ ಎರಡು ಗೋಲು, ಸೆಮಿಫೈನಲ್‌ನಲ್ಲಿ ಚಿಲಿ ವಿರುದ್ಧ ಎರಡು ಗೋಲು ಹೊಡೆದು ಕಪ್ ತಂದುಕೊಟ್ಟ.

ಈಗ ಯೋಚನೆ ಮಾಡು. ಆ ತಿರುವು, ಆ ನೆಗೆತ, ಸೊಟ್ಟ ಕಾಲಿನ ಮೇಲೆ, ವಾರಕ್ಕೆ ನೂರಾರು ಸಲ. ಮೂಳೆ ಸವೆಯದೆ ಇರುತ್ತಾ? ಆದರೆ ಗಾರಿಂಚ ಬಂದರೇನೇ ಕ್ಲಬ್‌ಗೆ ವಿದೇಶದ ಟೂರ್‌ಗಳಲ್ಲಿ ಒಳ್ಳೆ ದುಡ್ಡು. ಹಾಗಾಗಿ ಊದಿದ ಮೊಣಕಾಲಿಗೆ ಇಂಜೆಕ್ಷನ್ ಹಾಕಿಸಿಕೊಂಡೇ ಆಡಿದ. 1964ರಲ್ಲಿ ಆಪರೇಷನ್ ಆಯಿತು. ಹಳೆಯ ವೇಗ ಮತ್ತೆ ಬರಲಿಲ್ಲ. ಆಗಿನ್ನೂ 30 ವರ್ಷ.

ಆ ಸೂಜಿ ನನಗೂ ಗೊತ್ತು. ಒಂದು ಟೂರ್ನಮೆಂಟ್ ಫೈನಲ್ ದಿನ ಟೀಮಿನವರೇ ಕರೆದುಕೊಂಡು ಹೋಗಿ ಹಾಕಿಸಿದರು. ಹತ್ತು ನಿಮಿಷದಲ್ಲಿ ನೋವು ಮಾಯ. ಕಾಲು ಯಾರದ್ದೋ ಅನ್ನಿಸುತ್ತಿತ್ತು. ಪೂರ್ತಿ ಪಂದ್ಯ ಓಡಿದೆ, ಗೆದ್ದೆವು. ರಾತ್ರಿ ಮೊಣಕಾಲು ತೆಂಗಿನಕಾಯಿ ಗಾತ್ರ ಆಗಿತ್ತು. ಬಸ್ ಹತ್ತಲು ಕಂಡಕ್ಟರ್ ಕೈ ಕೊಡಬೇಕಾಯಿತು. ಮುಂದಿನ ಸೀಸನ್‌ನಲ್ಲಿ ನನ್ನ ಜಾಗದಲ್ಲಿ ಬೇರೆ ಹುಡುಗ ಇದ್ದ.

ಗಾರಿಂಚನ ಅಪ್ಪನೂ ಕುಡಿಯುತ್ತಿದ್ದವರು. ಇವನೂ ಮೊದಲಿನಿಂದ ಕುಡಿಯುತ್ತಿದ್ದ. ಆದರೆ ಆಟ ಹೋದಮೇಲೆ ಅದೊಂದೇ ಉಳಿಯಿತು. 1969ರಲ್ಲಿ ಅವನು ಓಡಿಸುತ್ತಿದ್ದ ಕಾರು ಲಾರಿಗೆ ಗುದ್ದಿ, ಗಾಯಕಿ ಎಲ್ಜಾ ಸೋರೆಸ್ ಅವರ ತಾಯಿ ತೀರಿಕೊಂಡರು. ಎಲ್ಜಾ ಅವನ ಸಂಗಾತಿ. ಆ ಸಾವಿನಿಂದ ಅವನು ಚೇತರಿಸಿಕೊಳ್ಳಲೇ ಇಲ್ಲ. 1973ರಲ್ಲಿ ಅವನಿಗಾಗಿ ರಿಯೊದ ಮರಕಾನಾ ಸ್ಟೇಡಿಯಂನಲ್ಲಿ ಬೀಳ್ಕೊಡುಗೆ ಪಂದ್ಯ ಆಡಿಸಿದಾಗ ಲಕ್ಷಕ್ಕೂ ಜಾಸ್ತಿ ಜನ ಬಂದಿದ್ದರು. ಅಷ್ಟು ಜನರ ಪ್ರೀತಿ ಇದ್ದವನನ್ನು, ಕಾಲು ಚೆನ್ನಾಗಿದ್ದಾಗ ಒಬ್ಬರಾದರೂ ಕೂರಿಸಿ ರೆಸ್ಟ್ ಕೊಡಬೇಕಿತ್ತು ಅಲ್ವಾ?

ನಿನಗೆ ಮೊಣಕಾಲು ನೋಯುತ್ತಿದ್ದರೆ ಮುಚ್ಚಿಡಬೇಡ. ಮೇಷ್ಟ್ರಿಗೆ ಹೇಳು. ಮನೆಯಲ್ಲೂ ಹೇಳು.

ಪ್ರಶ್ನೆ: ನಮ್ಮ ಏರಿಯಾದಲ್ಲಿ ಪೆಲೆ ಪ್ರತಿಮೆ ಇದೆ. ಪೆಲೆ, ಗಾರಿಂಚ ಇಬ್ಬರೂ ಆಡಿದ ಪಂದ್ಯದಲ್ಲಿ ಬ್ರೆಜಿಲ್ ಎಂದೂ ಸೋತಿಲ್ಲ ಅನ್ನುವುದು ನಿಜವಾ?
– ಓದುಗರು, ಗೌತಮಪುರ, ಬೆಂಗಳೂರು

ಉತ್ತರ: ನಿಜ. ಇಬ್ಬರೂ ಕೊನೆಯದಾಗಿ ಜೊತೆಗೆ ಆಡಿದ್ದು 1966ರ ವಿಶ್ವಕಪ್‌ನಲ್ಲಿ, ಬಲ್ಗೇರಿಯಾ ವಿರುದ್ಧ. 2–0 ಗೆಲುವು. ಪೆಲೆ ಒಂದು ಫ್ರೀ ಕಿಕ್, ಗಾರಿಂಚ ಒಂದು ಫ್ರೀ ಕಿಕ್. ಮುಂದಿನ ಪಂದ್ಯಕ್ಕೆ ಪೆಲೆ ಇರಲಿಲ್ಲ, ಹಂಗೇರಿ 3–1ರಿಂದ ಸೋಲಿಸಿತು. ಗಾರಿಂಚ ಆಡಿದಾಗ ಬ್ರೆಜಿಲ್ ಸೋತದ್ದು ಅದೊಂದೇ ಸಲ. ಆಮೇಲೆ ಅವನು ಬ್ರೆಜಿಲ್ ಪರ ಆಡಲೇ ಇಲ್ಲ.