ಗಣರಾಜ್ಯ ಅಂದರೆ ನಿಜವಾಗಿ ಏನು? ನಮ್ಮ ರಾಜಕಾರಣಿಗಳು ಅದನ್ನು ಪಾಲಿಸುತ್ತಾರಾ?

ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಹೇಗೂ ಮತ ಹಾಕುತ್ತೇವಲ್ಲ, ಪ್ರಜಾಪ್ರಭುತ್ವ ಅಂದರೆ ಸಾಲದೇ, ಮತ್ತೆ ಗಣರಾಜ್ಯ ಅಂತ ಯಾಕೆ ಅನ್ನೋದು ಒಂದು. ನಮ್ಮ ರಾಜಕಾರಣಿಗಳು ಅದಕ್ಕೆ ಬೆಲೆ ಕೊಡುತ್ತಾರಾ ಅನ್ನೋದು ಇನ್ನೊಂದು.

ಮೊದಲನೆಯದು ಬೇಗ ಮುಗಿಯುತ್ತದೆ. ಬ್ರಿಟನ್ನಿನಲ್ಲಿ ಚುನಾವಣೆ ಚೆನ್ನಾಗಿಯೇ ನಡೆಯುತ್ತದೆ, ಸರ್ಕಾರಗಳು ಬದಲಾಗುತ್ತವೆ, ಆದರೆ ಮೇಲೆ ರಾಜ ಇದ್ದಾನೆ. ಪ್ರಜಾಪ್ರಭುತ್ವ ಹೌದು, ಗಣರಾಜ್ಯ ಅಲ್ಲ. ಚೀನಾ ತನ್ನ ಹೆಸರಿನಲ್ಲೇ ಗಣರಾಜ್ಯ ಅಂತ ಇಟ್ಟುಕೊಂಡಿದೆ, ಅಲ್ಲಿ ಕೂತವರನ್ನು ಜನ ಇಳಿಸೋಕೆ ಆಗಲ್ಲ. ಅಂದಮೇಲೆ ರಾಜ ಇಲ್ಲದಿದ್ದರೆ ಆಯಿತು ಅನ್ನೋ ಹಾಗೂ ಇಲ್ಲ. ನನ್ನ ಪ್ರಕಾರ ಗಣರಾಜ್ಯದಲ್ಲಿ ಅಧಿಕಾರ ಯಾರ ಆಸ್ತಿಯೂ ಅಲ್ಲ. ಅದಕ್ಕೆ ಅವಧಿ ಇದೆ, ಕಾನೂನಿನ ಬೇಲಿ ಇದೆ, ಅವಧಿ ಮುಗಿದ ಮೇಲೆ ಲೆಕ್ಕ ಒಪ್ಪಿಸಿ ಎದ್ದು ಹೋಗಬೇಕು.

ನಮ್ಮಲ್ಲೇ ಒಂದು ಉದಾಹರಣೆ ಇದೆ. ದಿವಾನ್ ರಂಗಾಚಾರ್ಲು ಕಾಲದಲ್ಲಿ, 1881ರಲ್ಲೇ, ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಶುರುವಾಯಿತು. ದಸರಾ ಸಮಯದಲ್ಲಿ ಪ್ರತಿನಿಧಿಗಳು ಮೈಸೂರಿಗೆ ಬಂದು ತಮ್ಮ ತಾಲ್ಲೂಕಿನ ಕಷ್ಟ ಹೇಳಿಕೊಳ್ಳುತ್ತಿದ್ದರು. ಆ ಕಾಲಕ್ಕೆ ದೊಡ್ಡ ಸಂಗತಿಯೇ. ಆದರೆ ಕೇಳಿದ್ದನ್ನು ಮಾಡುವುದು ಬಿಡುವುದು ಅರಮನೆಗೆ, ದಿವಾನರಿಗೆ ಬಿಟ್ಟದ್ದು. ದಿವಾನರನ್ನು ಇಳಿಸುವ ಹಕ್ಕು ಆ ಸಭೆಗೆ ಇರಲಿಲ್ಲ. 1947ರ ಮೈಸೂರು ಚಲೋ ಚಳವಳಿಯಲ್ಲಿ ಜನ ಬೀದಿಗೆ ಇಳಿದು ಜವಾಬ್ದಾರಿ ಸರ್ಕಾರ ಕೊಡಿ ಅಂದದ್ದು ಇದಕ್ಕೇ. ಮಹಾರಾಜರು ಒಳ್ಳೆಯವರು ಅಲ್ವಾ ಅಂತ ಕೇಳುವವರು ಈಗಲೂ ಇದ್ದಾರೆ. ಇರಬಹುದು. ಒಳ್ಳೆಯತನ ಅವರಿಷ್ಟ ಆಗಿತ್ತು, ಜನರ ಹಕ್ಕು ಆಗಿರಲಿಲ್ಲ.

ಈಗ ಎರಡನೇ ಪ್ರಶ್ನೆ. ಮೊದಲು ಮೆಚ್ಚಬೇಕಾದ್ದನ್ನು ಮೆಚ್ಚಿಬಿಡೋಣ. ಕರ್ನಾಟಕದಲ್ಲಿ ಆಳುವ ಪಕ್ಷವೊಂದು ಬಹುಮತದೊಂದಿಗೆ ಮತ್ತೆ ಗೆದ್ದು ಬಂದದ್ದು 1985ರಲ್ಲಿ, ರಾಮಕೃಷ್ಣ ಹೆಗಡೆ ಕಾಲದಲ್ಲಿ. ಆಮೇಲೆ 2023ರವರೆಗೂ ಯಾರಿಗೂ ಅದು ಆಗಿಲ್ಲ. ಚುನಾವಣೆಯಲ್ಲಿ ಸೋತ ಮುಖ್ಯಮಂತ್ರಿಗಳು ರಾಜಭವನಕ್ಕೆ ಹೋಗಿ ರಾಜೀನಾಮೆ ಕೊಟ್ಟು ಮನೆಗೆ ಹೋಗಿದ್ದಾರೆ. ಗಲಾಟೆ ಇಲ್ಲ, ಸೈನ್ಯ ಇಲ್ಲ. ಅಕ್ಕಪಕ್ಕದ ದೇಶಗಳನ್ನು ನೋಡಿದರೆ ಇದೇನೂ ಸಣ್ಣ ವಿಷಯ ಅಲ್ಲ.

ಆದರೆ ವಿಧಾನಸಭೆ ಚುನಾವಣೆಯ ದಿನಾಂಕ ಅವರ ಕೈಯಲ್ಲಿಲ್ಲ, ಕೇಂದ್ರ ಚುನಾವಣಾ ಆಯೋಗದ ಕೈಯಲ್ಲಿದೆ. ರಾಜಕಾರಣಿಗಳನ್ನು ಅಳೆಯಬೇಕಾದರೆ, ಅವರು ಮುಂದೂಡಬಹುದಾದ ಚುನಾವಣೆಯನ್ನು ಏನು ಮಾಡುತ್ತಾರೆ ನೋಡಿ. ಅಂದರೆ ಪಂಚಾಯತಿ, ಪಾಲಿಕೆ.

ಸಂವಿಧಾನದ 73 ಮತ್ತು 74ನೇ ತಿದ್ದುಪಡಿಗಳು 1993ರಲ್ಲಿ ಜಾರಿಗೆ ಬಂದವು. ಪಂಚಾಯತಿಗಾಗಲಿ ನಗರಪಾಲಿಕೆಗಾಗಲಿ ಅವಧಿ ಐದು ವರ್ಷ, ಅದಕ್ಕಿಂತ ಜಾಸ್ತಿ ಇಲ್ಲ. ಅದು ಮುಗಿಯುವ ಮೊದಲೇ ಮುಂದಿನ ಚುನಾವಣೆ ನಡೆದಿರಬೇಕು. ಇದರಲ್ಲಿ ಗೊಂದಲಕ್ಕೆ ಜಾಗವೇ ಇಲ್ಲ. ಆಗಿದ್ದೇನು? ಕರ್ನಾಟಕದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯತಿಗಳಿಗೆ 2016ರಲ್ಲಿ ಚುನಾವಣೆ ಆಯಿತು, 2021ರಲ್ಲಿ ಅವಧಿ ಮುಗಿಯಿತು. 2025 ಬಂದರೂ ಮತಪೆಟ್ಟಿಗೆ ಹೊರಗೆ ಬರಲಿಲ್ಲ. ಬೆಂಗಳೂರಿನಲ್ಲಿ ಆಗಿನ ಮಹಾನಗರ ಪಾಲಿಕೆ ಬಿಬಿಎಂಪಿ ಕಾರ್ಪೊರೇಟರ್‌ಗಳ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಆಮೇಲೆ ಐದು ವರ್ಷ, ಪೂರ್ತಿ ಒಂದು ಅವಧಿ, ಅಷ್ಟು ದೊಡ್ಡ ಊರನ್ನು ಆಡಳಿತಾಧಿಕಾರಿ ನಡೆಸಿದರು. ಅಷ್ಟರಲ್ಲಿ ವಾರ್ಡುಗಳು 198ರಿಂದ 243 ಆದವು, 243 ಹೋಗಿ 225 ಆದವು, ಕೊನೆಗೆ ಬಿಬಿಎಂಪಿಯನ್ನೇ ತೆಗೆದು ಐದು ಪಾಲಿಕೆ ಮಾಡಿದರು.

ಮುಂದೂಡುವ ದಾರಿ ಬಹಳ ಸುಲಭ. ವಾರ್ಡಿನ ಗಡಿ ಗುರುತಿಸುವುದು, ಯಾವ ಸ್ಥಾನ ಯಾರಿಗೆ ಮೀಸಲು ಅನ್ನೋ ಮೀಸಲಾತಿ ಪಟ್ಟಿ ಹೊರಡಿಸುವುದು ಸರ್ಕಾರ ಹಿಡಿದುಕೊಂಡಿರುವ ಕೆಲಸ. ಪಂಚಾಯತಿ ಕ್ಷೇತ್ರಗಳ ಮರುವಿಂಗಡಣೆಯನ್ನು ರಾಜ್ಯ ಚುನಾವಣಾ ಆಯೋಗ ಮಾಡುತ್ತಿತ್ತು, 2021ರಲ್ಲಿ ಕಾನೂನು ತಿದ್ದಿ ಅದನ್ನು ಕಿತ್ತುಕೊಂಡು ಬೇರೆ ಆಯೋಗಕ್ಕೆ ಕೊಟ್ಟರು. ಪಟ್ಟಿ ತಡವಾಗಿ ಬರುತ್ತದೆ, ಬಂದಮೇಲೆ ಯಾರೋ ಒಬ್ಬರು ತಕರಾರು ತೆಗೆದು ಕೋರ್ಟಿಗೆ ಹೋಗುತ್ತಾರೆ, ಸರ್ಕಾರ ಇನ್ನಷ್ಟು ಸಮಯ ಕೇಳುತ್ತದೆ. 2022ರ ಕೊನೆಯಲ್ಲಿ ಹೈಕೋರ್ಟ್ ರೋಸಿಹೋಗಿ 5 ಲಕ್ಷ ರೂಪಾಯಿ ದಂಡವನ್ನೂ ಹಾಕಿತು. ಸರ್ಕಾರಕ್ಕೆ 5 ಲಕ್ಷ ಯಾವ ಲೆಕ್ಕ? ಅದೂ ನಮ್ಮದೇ ದುಡ್ಡು.

ಇದರಲ್ಲಿ ಯಾರಿಗೆ ಲಾಭ ಅಂತ ಹಳ್ಳಿಯಲ್ಲಿ ಯಾರನ್ನು ಬೇಕಾದರೂ ಕೇಳಿ. ಜಿಲ್ಲಾ ಪಂಚಾಯತಿ ಮೆಂಬರ್ ಇದ್ದರೆ ಶಾಲೆ ಕೊಠಡಿ, ಬೋರ್‌ವೆಲ್, ರಸ್ತೆ ಯಾವುದು ಎಲ್ಲಿಗೆ ಅಂತ ಹೇಳುವವರು ಇಬ್ಬರಾಗುತ್ತಾರೆ. ಅವರು ಇಲ್ಲದಿದ್ದರೆ ಎಲ್ಲವೂ ಶಾಸಕರ ಮೂಲಕವೇ ಆಗಬೇಕು. ಜೊತೆಗೆ ಇವತ್ತಿನ ಮೆಂಬರ್ ನಾಳೆ ಎಂಎಲ್‌ಎ ಟಿಕೆಟ್ ಕೇಳುವ ಆಸಾಮಿ. ಯಾರು ತಾನೇ ಬೆಳೆಯೋಕೆ ಬಿಡುತ್ತಾರೆ?

ನಮ್ಮ ಕಡೆಯ ಒಂದು ಗ್ರಾಮಸಭೆಯಲ್ಲಿ ಕೂತಿದ್ದೆ. ಶಾಮಿಯಾನ, ಟೀ, ಬಿಸ್ಕತ್ತು ಎಲ್ಲಾ ಇತ್ತು. ಒಬ್ಬರು ವಯಸ್ಸಾದ ಅಮ್ಮ ಎದ್ದು, "ಕ್ರಿಯಾ ಯೋಜನೆಯಲ್ಲಿ ನಮ್ಮ ಕೇರಿ ಚರಂಡಿ ಆಗಿದೆ ಅಂತ ಓದಿದ್ರಲ್ಲ, ಎಲ್ಲಿದೆ ಸ್ವಾಮಿ ಅದು?" ಅಂದರು. ಪಂಚಾಯತಿಯ ಅಧಿಕಾರಿ ಪಿಡಿಒ ಫೈಲು ತಿರುವಿದರು. ವೇದಿಕೆ ಮೇಲಿದ್ದ ಮುಖಂಡರೊಬ್ಬರು ಮೈಕು ತಗೊಂಡು, "ಅಮ್ಮಾ, ಸಾಹೇಬರಿಗೆ ಹೇಳಿ ಮಾಡಿಸಿಕೊಡ್ತೀನಿ ಕೂತ್ಕೊಳ್ಳಿ" ಅಂದರು. ಅಮ್ಮ ಕೇಳಿದ್ದು ಲೆಕ್ಕ, ಅವರು ಕೊಟ್ಟಿದ್ದು ಆಶ್ವಾಸನೆ. ಅಷ್ಟು ಹೊತ್ತಿಗೆ ಸಹಿ ಪುಸ್ತಕ ಹಿಂದಿನ ಸಾಲಿಗೆ ಬಂದಿತ್ತು. ಸಭೆ ಮುಗಿಯುವ ಮೊದಲೇ ನಡಾವಳಿ ಮುಗಿದಿತ್ತು.

ಹಾಗಂತ ಎಲ್ಲರೂ ಹೀಗೇ ಅಂದರೆ ತಪ್ಪಾಗುತ್ತದೆ. ಹೆಗಡೆ ಸಂಪುಟದಲ್ಲಿ ಅಬ್ದುಲ್ ನಜೀರ್ ಸಾಬ್ ಇದ್ದರು, ಹಳ್ಳಿಗಳಿಗೆ ಬೋರ್‌ವೆಲ್ ಹಾಕಿಸಿ ನೀರ್ ಸಾಬ್ ಅಂತಲೇ ಹೆಸರಾದವರು. 1983ರ ಕಾನೂನಿನ ಮೂಲಕ, 1987ರ ಚುನಾವಣೆಯ ಮೂಲಕ, ಅವರು ಜಿಲ್ಲಾ ಪರಿಷತ್ತಿನ, ಅಂದರೆ ಈಗಿನ ಜಿಲ್ಲಾ ಪಂಚಾಯತಿಯಂಥ ಸಂಸ್ಥೆಯ, ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ ಕೊಡಿಸಿದರು. ಜಿಲ್ಲಾಧಿಕಾರಿಗಿಂತ ಹಿರಿಯ ಅಧಿಕಾರಿಯನ್ನು ಪರಿಷತ್ತಿಗೆ ಹಾಕಿಸಿದರು. ಕಾಲು ಭಾಗ ಸ್ಥಾನ ಹೆಂಗಸರಿಗೆ. ಸಂವಿಧಾನ ಇನ್ನೂ ಹಾಗೆ ಮಾಡಿ ಅಂತ ಹೇಳಿರಲಿಲ್ಲ. ತನ್ನ ಕೈಯಲ್ಲಿದ್ದ ಅಧಿಕಾರವನ್ನು ಕೆಳಗಿನವರಿಗೆ ಬಿಟ್ಟುಕೊಟ್ಟ ಮಂತ್ರಿ ಅಂದರೆ ನನಗೆ ಮೊದಲು ನೆನಪಾಗುವುದು ಅವರೇ. ಅವರು 1988ರಲ್ಲಿ ತೀರಿಕೊಂಡರು. 1992ರಲ್ಲಿ ಆ ಪರಿಷತ್ತುಗಳ ಅವಧಿ ಮುಗಿದಾಗ ಚುನಾವಣೆ ಮಾಡಲಿಲ್ಲ, ಆಡಳಿತಾಧಿಕಾರಿಗಳು ಬಂದು ಕೂತರು. ಜಿಲ್ಲಾ ಮಟ್ಟದಲ್ಲಿ ಮತ್ತೆ ಚುನಾವಣೆ ಆಗಿದ್ದು 1995ರಲ್ಲಿ.

ತಪ್ಪು ನಮ್ಮದೂ ಇದೆ. 2019ರಲ್ಲಿ ಪಕ್ಷಾಂತರದ ಕಾರಣಕ್ಕೆ 17 ಶಾಸಕರು ಅನರ್ಹರಾದರು, ಆ ವರ್ಷ ಡಿಸೆಂಬರಿನಲ್ಲಿ 15 ಕಡೆ ಉಪಚುನಾವಣೆ ಬಂತು. ಪಕ್ಷ ಬದಲಿಸಿ ನಿಂತವರಲ್ಲಿ ಹೆಚ್ಚಿನವರನ್ನು ನಾವೇ ಆರಿಸಿ ಕಳಿಸಿದೆವು. ಮತ ಹಾಕುವವರಿಗೇ ಅದು ದೊಡ್ಡ ವಿಷಯ ಅನಿಸದಿದ್ದರೆ ಪಕ್ಷದಿಂದ ಪಕ್ಷಕ್ಕೆ ಹಾರುವವರಿಗೆ ಯಾಕೆ ಅನಿಸಬೇಕು?

ಇದರಲ್ಲಿ ಯಾವ ಪಕ್ಷ ವಾಸಿ ಅಂತ ಕೇಳುವವರು ಇದ್ದೇ ಇರುತ್ತಾರೆ. 1992ರಲ್ಲಿ ಕಾಂಗ್ರೆಸ್ ಸರ್ಕಾರ, 2021ರಲ್ಲಿ ಬಿಜೆಪಿ ಸರ್ಕಾರ, 2023ರಿಂದ ಮತ್ತೆ ಕಾಂಗ್ರೆಸ್. ನೀವೇ ತೂಗಿ ನೋಡಿ. ಮುಂದಿನ ಸಲ ಮತ ಕೇಳೋಕೆ ಬಂದವರನ್ನು ಈ ಜಿಲ್ಲಾ ಪಂಚಾಯತಿ ಯಾಕೆ ಇಷ್ಟು ವರ್ಷ ಖಾಲಿ ಬಿತ್ತು ಅಂತ ಕೇಳಿ. "ಕೋರ್ಟಿನಲ್ಲಿತ್ತು ಸಾರ್" ಅಂತಾರೆ. ಹಾಗಾದರೆ ಮೀಸಲಾತಿ ಪಟ್ಟಿಯನ್ನು ಸರ್ಕಾರ ಕೋರ್ಟಿಗೆ ಯಾವ ತಾರೀಖು ಕೊಟ್ಟಿತು ಅಂತ ಇನ್ನೊಂದು ಪ್ರಶ್ನೆ ಕೇಳಿ.