ಜಾಹೀರಾತು ನೋಡಿ ಹಳೆಯ ಪದ್ಮಿನಿ ಕೊಳ್ಳಬಹುದೇ?

ಪ್ರಶ್ನೆ: ಪ್ರೀಮಿಯರ್ ಪದ್ಮಿನಿ ಕಾರು ಕೊಳ್ಳಬೇಕೆಂಬುದು ನನ್ನ ಬಹುದಿನದ ಆಸೆ. ಅಂತರ್ಜಾಲದಲ್ಲಿ ಮುಂಬೈ, ಚೆನ್ನೈ ಕಡೆಯ ಹಲವು ಜಾಹೀರಾತುಗಳಿದ್ದು, ಚಿತ್ರಗಳಲ್ಲಿ ಎಲ್ಲ ಕಾರುಗಳೂ ಹೊಳೆಯುತ್ತಿವೆ. ಹೇಗೆ ಆರಿಸಲಿ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಹೊಸ ಬಣ್ಣಕ್ಕೆ ಮರುಳಾಗಬೇಡಿ. ಪದ್ಮಿನಿಗೆ ಲಾರಿಯಂತೆ ಪ್ರತ್ಯೇಕ ಚಾಸಿ (ಬಾಡಿಯನ್ನು ಹೊರುವ ಅಡಿ ಚೌಕಟ್ಟು) ಇಲ್ಲ. ಬಾಡಿಯೇ ಎಲ್ಲ ಭಾರವನ್ನೂ ಹೊರುವುದರಿಂದ, ನೆಲದ ತಗಡಿಗೂ ಬಾಗಿಲುಗಳ ಕೆಳಗಿರುವ ಬಾಡಿಯ ಅಂಚಿಗೂ ತುಕ್ಕು ಹಿಡಿದಿದ್ದರೆ ಕಾರಿನ ಬಲವೇ ಕುಂದಿರುತ್ತದೆ. ಸಮುದ್ರತೀರದ ಊರುಗಳ ಕಾರುಗಳಲ್ಲಿ ಈ ಅಪಾಯ ಹೆಚ್ಚು. ಆದ್ದರಿಂದ ಕಾರಿನ ಅಡಿಭಾಗ, ಡಿಕ್ಕಿಯ ಒಳಗು ಹಾಗೂ ಮ್ಯಾಟ್ ಎತ್ತಿದ ನೆಲದ ಚಿತ್ರಗಳನ್ನು ಕೇಳಿ ತರಿಸಿಕೊಳ್ಳಿ. ಕಳುಹಿಸಲು ಹಿಂಜರಿಯುವವರ ಕಾರನ್ನು ಅಲ್ಲಿಗೇ ಬಿಟ್ಟುಬಿಡಿ.

ಎಂಜಿನ್ನಿನ ಬಗ್ಗೆ ನನಗೆ ಅಷ್ಟು ಆತಂಕವಿಲ್ಲ. 1089 ಸಿಸಿಯ ಆ ಸರಳ ಎಂಜಿನ್ನನ್ನು ಅನುಭವಿ ಮೆಕ್ಯಾನಿಕ್ ದುರಸ್ತಿ ಮಾಡಬಲ್ಲರು. ಆದರೆ ತಯಾರಿಕೆ ನಿಂತು ಎರಡು ದಶಕಗಳು ದಾಟಿರುವುದರಿಂದ ಮೂಲ ಗ್ರಿಲ್, ದೀಪದ ಗಾಜು, ಕ್ರೋಮ್ ಪಟ್ಟಿಗಳನ್ನು ಹುಡುಕುವುದೇ ಕಷ್ಟ; ಇವೆಲ್ಲ ಉಳಿದಿರುವ ಕಾರಿಗೆ ತುಸು ಹೆಚ್ಚು ಬೆಲೆ ಕೊಡುವುದು ತಪ್ಪಲ್ಲ.

ಆರ್.ಸಿ.ಯಲ್ಲಿರುವ ಚಾಸಿ ಮತ್ತು ಎಂಜಿನ್ ಸಂಖ್ಯೆಗಳು ಕಾರಿನ ಮೇಲಿನವುಗಳಿಗೆ ಹೊಂದಬೇಕು. ಮೊದಲ 15 ವರ್ಷಗಳ ನಂತರ 5 ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಲಾಗಿದೆಯೇ ಎಂದು ಪರಿಶೀಲಿಸಿ. ಹೊರರಾಜ್ಯದ ಕಾರಾದರೆ ಅಲ್ಲಿನ ಆರ್.ಟಿ.ಓ.ದ ನಿರಾಕ್ಷೇಪಣಾ ಪತ್ರ ಬೇಕು. 50 ವರ್ಷ ದಾಟಿದ ಕಾರುಗಳಿಗೆ 2021ರ ನಿಯಮದಡಿ ವಿಂಟೇಜ್ ನೋಂದಣಿಯಿದೆಯಾದರೂ, ಅಂಥ ಕಾರನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಮೆಕ್ಯಾನಿಕ್ ಜೊತೆ ಹೋಗಿ ಕಣ್ಣಾರೆ ನೋಡುವವರೆಗೆ ಮುಂಗಡ ಹಣ ಕಳುಹಿಸಬೇಡಿ.