ಗೌರಿ ಹುಣ್ಣಿಮೆಯ ಸಕ್ಕರೆ ಆರತಿ ಉಳಿದರೆ ಏನು ಮಾಡಬಹುದು?

ನಿಮ್ಮ ತಂಗಿಗೆ ನಿಶ್ಚಯವಾದ ಮೇಲಿನ ಮೊದಲ ಗೌರಿ ಹುಣ್ಣಿಮೆಗೆ ಬೀಗರು ತಂದ ಸಕ್ಕರೆ ಆರತಿ (ಆರತಿ ತಟ್ಟೆಯಲ್ಲಿಡುವ ಸಕ್ಕರೆಯ ಅಚ್ಚುಗೊಂಬೆಗಳು), ಓಣಿಗೆಲ್ಲ ಹಂಚಿದ ಮೇಲೂ ನಾಲ್ಕು ಕಿಲೋದಷ್ಟು ಉಳಿದಿದೆ ಎಂದೂ, ಚಹಾಕ್ಕೆ ಹಾಕುವುದನ್ನು ಬಿಟ್ಟರೆ ಬೇರೆ ದಾರಿ ಇದೆಯೇ ಎಂದೂ ಕೇಳಿದ್ದೀರಿ. ನಾನು ಕೊಪ್ಪಳದವಳು. ನಮ್ಮ ಮನೆಯಲ್ಲಿಯೂ ಕಾರ್ತಿಕ ಮುಗಿಯುವಷ್ಟರಲ್ಲಿ ಆನೆ, ಒಂಟೆ, ನವಿಲು, ತೇರುಗಳು ಡಬ್ಬಿಯಲ್ಲಿ ಉಳಿಯುತ್ತವೆ. ಅವನ್ನು ಇರುವೆಗೆ ಬಿಡಲು ನನಗೆ ಎಂದಿಗೂ ಮನಸ್ಸು ಬಂದಿಲ್ಲ.

ಅಡುಗೆಗೆ ಮೊದಲು ಮಾಡಬೇಕಾದದ್ದು ವಿಂಗಡಣೆ. ತಟ್ಟೆಯಲ್ಲಿ ದೀಪದ ಪಕ್ಕ ನಿಂತ ಗೊಂಬೆಗಳಿಗೆ ಎಣ್ಣೆ, ಕುಂಕುಮ, ಬತ್ತಿಯ ಮಸಿ ತಾಗಿರುತ್ತದೆ. ಒಂದು ವರ್ಷ ನಾನು ಇದನ್ನು ಗಮನಿಸದೆ ಎಲ್ಲವನ್ನೂ ಕುಟ್ಟಿ ಶಾವಿಗೆ ಪಾಯಸಕ್ಕೆ ಹಾಕಿದ್ದರಿಂದ, ಪಾಯಸವೆಲ್ಲ ದೀಪದ ಎಣ್ಣೆಯ ವಾಸನೆ ಹಿಡಿದು ಯಾರೂ ಎರಡನೆಯ ಸಲ ಬಡಿಸಿಕೊಳ್ಳಲಿಲ್ಲ. ಅಂದಿನಿಂದ ಎಣ್ಣೆ ತಾಗಿದವನ್ನು ಬೇರೆ ಇಟ್ಟು, ಬಿಳಿಯವನ್ನು ಮಾತ್ರ ಅಡುಗೆಗೆ ತೆಗೆದುಕೊಳ್ಳುತ್ತೇನೆ. ಬಣ್ಣದ ಗೊಂಬೆಗಳನ್ನು, ಮಾಡಿದವರು ಪರಿಚಯದವರಾಗಿದ್ದರೆ ಮಾತ್ರ ಬಳಸಿರಿ. ಮಿಠಾಯಿಗಳಿಗೆ ರೋಡಮೈನ್-ಬಿ ಎಂಬ ಬಟ್ಟೆಯ ಬಣ್ಣವನ್ನು ಹಾಕುವವರಿದ್ದಾರೆ. 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಬಾಂಬೆ ಮಿಠಾಯಿಯಲ್ಲಿ ಅದರ ಬಳಕೆಯನ್ನು ನಿಷೇಧಿಸಿತು. ಆದ್ದರಿಂದ ಕಣ್ಣು ಕುಕ್ಕುವ ಗುಲಾಬಿ ಬಣ್ಣದ ಗೊಂಬೆಯನ್ನು ನಾನು ಮಕ್ಕಳ ಬಾಯಿಗೆ ಕೊಡುವುದಿಲ್ಲ.

ಬಿಳಿಯ ಗೊಂಬೆಗಳಿಗೆ ಅತ್ಯುತ್ತಮ ಉಪಾಯವೆಂದರೆ ಪಾಕ ಮಾಡಿ ಬಾಟಲಿಗೆ ತುಂಬಿಡುವುದು. ಇದನ್ನು ನನಗೆ ಕಲಿಸಿದವರು ನಮ್ಮತ್ತೆ. ಒಂದು ಕಿಲೋ ಗೊಂಬೆಗೆ ಅರ್ಧ ಲೀಟರ್ ನೀರು ಸಾಕು. ಗೊಂಬೆಗಳು ಕರಗಿ ಪಾಕ ಕುದಿ ಬಂದ ಕೂಡಲೇ ಎರಡು ಚಮಚ ಹಾಲು ಹಾಕಿದರೆ, ಹಾಲು ಒಡೆದು, ಧೂಳು ಕಸವನ್ನೆಲ್ಲ ಹಿಡಿದುಕೊಂಡು ಬೂದು ನೊರೆಯಾಗಿ ಅಂಚಿಗೆ ಬಂದು ಕೂಡುತ್ತದೆ. ಆ ನೊರೆಯನ್ನು ಸೌಟಿನಿಂದ ತೆಗೆಯುತ್ತಾ ಹೋದಂತೆ, ಅದುವರೆಗೆ ಕದಡಿದಂತಿದ್ದ ಪಾಕದಲ್ಲಿ ಪಾತ್ರೆಯ ತಳ ಕಾಣತೊಡಗುತ್ತದೆ. ಅದನ್ನು ನೋಡುವುದೇ ನನಗೆ ಒಂದು ಸಂತೋಷ. ಬಳಿಕ ತೆಳುವಾದ ಬಟ್ಟೆಯಲ್ಲಿ ಸೋಸಿ, ಅರ್ಧ ನಿಂಬೆಹಣ್ಣಿನ ರಸ ಹಿಂಡಿ ಇನ್ನೆರಡು ನಿಮಿಷ ಕುದಿಸಬೇಕು. ಹುಳಿ ಸೇರಿದ ಪಾಕ ತಣ್ಣಗಾದ ಮೇಲೂ ಸುಲಭವಾಗಿ ಹರಳುಗಟ್ಟುವುದಿಲ್ಲ. ನಿಂಬೆ ರಸವನ್ನು ಸೋಸಿದ ನಂತರವೇ ಹಾಕಿರಿ, ಮೊದಲೇ ಹಾಕಬೇಡಿರಿ.

ಈ ಪಾಕವಿದ್ದರೆ ಸಜ್ಜಕ ಹತ್ತು ನಿಮಿಷದ ಕೆಲಸ. ತುಪ್ಪದಲ್ಲಿ ಹುರಿದ ರವೆಯನ್ನು ಬಿಸಿನೀರಿನಲ್ಲಿ ಬೇಯಿಸಿ, ಕೊನೆಗೆ ಪಾಕ ಸುರಿದು ಮಗುಚಿದರಾಯಿತು. ಆದರೆ ಪಾಕದಲ್ಲಿಯೂ ನೀರಿರುವುದರಿಂದ ಬೇಯಿಸುವ ನೀರನ್ನು ಅಷ್ಟು ಕಡಿಮೆ ಮಾಡಬೇಕು. ನಮ್ಮ ಬಿಸಿಲುಕಾಲದಲ್ಲಿ ಎರಡು ಚಮಚ ಪಾಕಕ್ಕೆ ನಿಂಬೆ ಹಿಂಡಿ, ಚಿಟಿಕೆ ಉಪ್ಪು, ಏಲಕ್ಕಿ ಪುಡಿ ಬೆರೆಸಿ ಮಣ್ಣಿನ ಕೊಡದ ನೀರು ಹಾಕಿದರೆ ಬಂದವರಿಗೆ ಷರಬತ್ತು ಸಿದ್ಧ. ರವೆ ಉಂಡೆಗೆ ಮಾತ್ರ ಪಾಕ ಬೇಡ, ಗೊಂಬೆಯನ್ನು ಕುಟ್ಟಿ ಜರಡಿ ಹಿಡಿದ ಪುಡಿಯೇ ಬೇಕು.

ನಾಲ್ಕು ಕಿಲೋ ಇದೆ ಎಂದಿದ್ದೀರಾದ್ದರಿಂದ, ಅದರಲ್ಲಿ ಒಂದೂವರೆ ಕಿಲೋದಷ್ಟನ್ನು ಮಾವಿನಕಾಯಿಯ ಕಾಲಕ್ಕೆ ತೆಗೆದಿಡಿರಿ ಎಂಬುದು ನನ್ನ ಒತ್ತಾಯದ ಸಲಹೆ. ಸಕ್ಕರೆಗೆ ತೇವ ತಾಗದಿದ್ದರೆ ಅದು ಕೆಡುವುದಿಲ್ಲ. ಒರೆಸಿ ಒಣಗಿಸಿದ ಸ್ಟೀಲ್ ಡಬ್ಬಿಯಲ್ಲಿ ಗೊಂಬೆಗಳನ್ನಿಟ್ಟು ಮುಚ್ಚಳ ಬಿಗಿ ಮಾಡಿದರೆ ಏಪ್ರಿಲ್‌ವರೆಗೆ ಹಾಗೆಯೇ ಇರುತ್ತವೆ. ಸಿಪ್ಪೆ ತೆಗೆದು ತುರಿದ ಮಾವಿನಕಾಯಿ ಒಂದು ಕಿಲೋ ಇದ್ದರೆ ಗೊಂಬೆಯ ಪುಡಿ ಒಂದೂಕಾಲು ಕಿಲೋ, ಕಾಯಿ ಬಹಳ ಹುಳಿಯಾಗಿದ್ದರೆ ಒಂದೂವರೆ. ಎರಡನ್ನೂ ಕಲಸಿ ಒಂದು ಗಂಟೆ ಬಿಟ್ಟರೆ ತಾನಾಗಿಯೇ ನೀರು ಬಿಡುತ್ತದೆ. ಅದನ್ನು ಸಣ್ಣ ಉರಿಯಲ್ಲಿ ತಳ ಹಿಡಿಯದಂತೆ ಕೈಯಾಡಿಸುತ್ತಾ, ಬೆರಳುಗಳ ನಡುವೆ ಒಂದೆಳೆ ಬರುವವರೆಗೆ ಕಾಯಿಸಿ, ಏಲಕ್ಕಿ ಮತ್ತು ಎರಡು ಲವಂಗ ಹಾಕಿ ಇಳಿಸಿದರೆ ಸಾಖರಂಬ. ಚಪಾತಿಗೆ ಹಚ್ಚಿ ಕೊಟ್ಟರೆ ನಮ್ಮ ಮಕ್ಕಳು ಬೇರೆ ಪಲ್ಯ ಕೇಳುವುದಿಲ್ಲ.

ಜನವರಿಯಲ್ಲಿ ಗವಿಸಿದ್ಧೇಶ್ವರ ಜಾತ್ರೆಯಿಂದ ತಂದು ಉಳಿಯುವ ಬತ್ತಾಸನ್ನೂ ಹೀಗೆಯೇ ಬಳಸಬಹುದು. ಆದರೆ ಬತ್ತಾಸಿನ ಒಳಗೆಲ್ಲ ಗಾಳಿಯೇ ಇರುವುದರಿಂದ ಲೋಟದ ಅಳತೆ ಮೋಸ ಮಾಡುತ್ತದೆ, ತೂಗಿಯೇ ಹಾಕಬೇಕು. ಸಂಕ್ರಾಂತಿಯ ಕುಸುರೆಳ್ಳು ಪಾಕಕ್ಕೆ ಬರುವುದಿಲ್ಲ, ಒಳಗೆ ಎಳ್ಳಿದೆ. ಅದನ್ನು ಹಾಗೆಯೇ ತಿನ್ನುವುದು ಒಳ್ಳೆಯದು.

ಕೊನೆಯದಾಗಿ, ಎಲ್ಲವನ್ನೂ ಕುಟ್ಟುವ ಮೊದಲು ಮುಕ್ಕಾಗದ ಒಂದು ಜೋಡಿ ಗೊಂಬೆಯನ್ನು ನಿಮ್ಮ ತಂಗಿಯೇ ಆರಿಸಿಕೊಳ್ಳಲಿ. ಅದು ಅವಳಿಗೆಂದು ಬಂದ ಆರತಿ.